ಅಮೆರಿಕದಲ್ಲಿ ಮಾತಿಗೆ ಕಾನೂನಿನ ರಕ್ಷಣೆ ಎಲ್ಲಿಯವರೆಗೆ: ಮಲೆನಾಡಿನಿಂದ ಹೊರಟವರಿಗೊಂದು ಕೈಪಿಡಿ

ಪ್ರತಿ ವರ್ಷ ಮಳೆ ಜೋರಾಗಿರುವ ಜುಲೈ-ಆಗಸ್ಟ್ ತಿಂಗಳಲ್ಲೇ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಮನೆಗಳಿಂದ ಒಂದಷ್ಟು ಮಕ್ಕಳು ಎಂ.ಎಸ್. ಓದಲು ಅಮೆರಿಕಕ್ಕೆ ಹೊರಡುತ್ತಾರೆ. ಬ್ಯಾಂಕ್ ಸಾಲ, ವೀಸಾ, ಆರೋಗ್ಯ ವಿಮೆಯ ಬಗ್ಗೆ ಅವರಿಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಾತಿನ ವಿಚಾರಕ್ಕೆ ಬಂದರೆ ಮಾತ್ರ ಸಿಗುವುದು ಎರಡೇ ಸಲಹೆ: ‘ಅಲ್ಲಿ ಏನು ಬೇಕಾದರೂ ಮಾತಾಡಬಹುದು’ ಎನ್ನುವುದು ಒಂದು, ‘ಸುಮ್ಮನೆ ಬಾಯಿ ಮುಚ್ಚಿಕೊಂಡು ಓದಿ ಬಾ’ ಎನ್ನುವುದು ಇನ್ನೊಂದು. ಎರಡೂ ಅರೆಬೆಂದ ಸಲಹೆಗಳೇ. ಒಂದು ಮಾತಿಗೆ, ಒಂದು ಪೋಸ್ಟಿಗೆ ಅಥವಾ ಒಂದು ಮೆರವಣಿಗೆಗೆ ಅಮೆರಿಕದ ಕಾನೂನಿನ ರಕ್ಷಣೆ ಇದೆಯೋ ಇಲ್ಲವೋ ಎಂದು ತೂಗಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಹೊರಡುವ ಮಕ್ಕಳಿಗೆ, ಅವರ ತಂದೆ-ತಾಯಿಗೆ ಮತ್ತು ಅಲ್ಲಿನ ಸುದ್ದಿಯನ್ನು ಇಲ್ಲಿ ಕುಳಿತು ಓದಿ ಚರ್ಚಿಸುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಕ್ರಮ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಹೆಚ್ಚಿನವರು ‘ಈ ಮಾತು ಒಳ್ಳೆಯದೋ ಕೆಟ್ಟದ್ದೋ’ ಎಂಬಲ್ಲಿಂದ ಶುರು ಮಾಡುತ್ತಾರೆ. ಅಮೆರಿಕದ ಕಾನೂನಿಗೆ ಆ ಪ್ರಶ್ನೆ ಬಹುಪಾಲು ಬೇಕಾಗಿಯೇ ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ, ಮತ್ತು ಅವುಗಳನ್ನು ಹಿಂದುಮುಂದು ಮಾಡಿ ಕೇಳಿದರೆ ಉತ್ತರವೂ ತಪ್ಪಾಗುತ್ತದೆ.

ಮೊದಲು ಕೇಳಬೇಕಾದದ್ದು: ತಡೆದವರು ಯಾರು?

1791ರಲ್ಲಿ ಜಾರಿಗೆ ಬಂದ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯು ಮಾತಿನ ಮತ್ತು ಪತ್ರಿಕೆಯ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಯಾವ ಕಾನೂನನ್ನೂ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಕೂಡದು ಎನ್ನುತ್ತದೆ. 1868ರ ಹದಿನಾಲ್ಕನೆಯ ತಿದ್ದುಪಡಿಯ ಬಲದಿಂದ, 1925ರ ಗಿಟ್ಲೋ ಪ್ರಕರಣದಿಂದೀಚೆಗೆ, ಈ ನಿರ್ಬಂಧ ರಾಜ್ಯ ಸರ್ಕಾರಗಳಿಗೂ ನಗರಾಡಳಿತಗಳಿಗೂ ಪೊಲೀಸರಿಗೂ ಅನ್ವಯಿಸುತ್ತ ಬಂದಿದೆ. ಗಮನಿಸಬೇಕಾದದ್ದು, ಇವರೆಲ್ಲ ಸರ್ಕಾರದ ಕಡೆಯವರು. ಖಾಸಗಿಯವರ ಮೇಲೆ ಈ ತಿದ್ದುಪಡಿಗೆ ಹಿಡಿತವಿಲ್ಲ. ಕಾಡಂಚಿನ ಅಡಿಕೆ ತೋಟದವರು ಕಾಡಿನ ಕಡೆಗೆ ಆಳವಾದ ಅಗಳು ತೋಡಿ, ಪಕ್ಕದ ತೋಟದ ಕಡೆಗೆ ಬರೀ ಗಡಿಕಲ್ಲು ನೆಟ್ಟು ಬಿಡುವುದುಂಟಲ್ಲ, ಮೊದಲ ತಿದ್ದುಪಡಿಯ ಕಟ್ಟುವಿಕೆ ಹಾಗೆಯೇ ಇದೆ: ಸರ್ಕಾರದ ಕಡೆಗೆ ಅಗಳು, ಉಳಿದ ಕಡೆಗೆ ಏನೂ ಇಲ್ಲ.

ಆದ್ದರಿಂದ ಅಲ್ಲಿನ ಕನ್ನಡ ಕೂಟದ ವಾಟ್ಸಾಪ್ ಗುಂಪಿನಿಂದ ಅಡ್ಮಿನ್ ನಿಮ್ಮನ್ನು ಹೊರಹಾಕಿದರೆ ಸಂವಿಧಾನದ ಹೆಸರೆತ್ತಿ ಪ್ರಯೋಜನವಿಲ್ಲ. ಫೇಸ್‌ಬುಕ್, ಯೂಟ್ಯೂಬ್‌ಗಳು ನಿಮ್ಮ ಬರಹ ತೆಗೆದುಹಾಕಿದರೂ ಅಷ್ಟೇ. ಯಾವುದನ್ನು ತೋರಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಅಂಥ ಕಂಪನಿಗಳು ಮಾಡುವ ಆಯ್ಕೆಯೂ ಒಂದು ಬಗೆಯ ಅಭಿವ್ಯಕ್ತಿಯೇ ಎಂಬ ನಿಲುವನ್ನು 2024ರ ನೆಟ್‌ಚಾಯ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ ತಳೆಯಿತು. ಅಂದರೆ ಅಲ್ಲಿ ಸಂವಿಧಾನದ ರಕ್ಷಣೆ ಇರುವುದು ಕಂಪನಿಗೆ, ನಿಮಗಲ್ಲ. ಖಾಸಗಿ ಕಂಪನಿಯ ಕೆಲಸದಲ್ಲಿರುವವರನ್ನು ಅವರ ರಾಜಕೀಯ ಪೋಸ್ಟಿಗಾಗಿ ತೆಗೆದುಹಾಕುವುದಕ್ಕೂ ಬಹಳ ರಾಜ್ಯಗಳಲ್ಲಿ ಅಡ್ಡಿಯಿಲ್ಲ. ಆದರೆ ಸಂಬಳ ಮತ್ತು ಕೆಲಸದ ಪರಿಸ್ಥಿತಿಯ ಬಗ್ಗೆ ಸಹೋದ್ಯೋಗಿಗಳೊಡನೆ ಮಾತಾಡಿಕೊಳ್ಳುವ ಹಕ್ಕನ್ನು 1935ರ ಕಾರ್ಮಿಕ ಸಂಬಂಧಗಳ ಕಾನೂನು ಪ್ರತ್ಯೇಕವಾಗಿ ಕಾಪಾಡುತ್ತದೆ, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ನೌಕರರ ರಾಜಕೀಯ ಚಟುವಟಿಕೆಗೂ ರಾಜ್ಯ ಕಾನೂನಿನ ಆಸರೆ ಇದೆ. ಇವು ಸಂವಿಧಾನದಿಂದ ಬಂದದ್ದಲ್ಲ, ಬೇರೆ ಕಾನೂನುಗಳಿಂದ ಬಂದದ್ದು. ಹುಡುಕುವಾಗ ಈ ವ್ಯತ್ಯಾಸ ನೆನಪಿರಲಿ.

ವಿಶ್ವವಿದ್ಯಾಲಯದ ವಿಚಾರದಲ್ಲಿ ಹೊರಡುವ ಮುನ್ನವೇ ಒಂದು ಸಂಗತಿ ತಿಳಿದುಕೊಳ್ಳಿ: ನೀವು ಸೇರುತ್ತಿರುವುದು ರಾಜ್ಯ ಸರ್ಕಾರದ ವಿಶ್ವವಿದ್ಯಾಲಯವೋ ಖಾಸಗಿಯೋ? ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂತೆ ಸರ್ಕಾರದ್ದಾದರೆ ಅದಕ್ಕೆ ಮೊದಲ ತಿದ್ದುಪಡಿ ನೇರವಾಗಿ ಅನ್ವಯಿಸುತ್ತದೆ. ಖಾಸಗಿಯಾದರೆ ಅನ್ವಯಿಸುವುದು ಅದರದೇ ವಿದ್ಯಾರ್ಥಿ ನಿಯಮಾವಳಿ. ಕ್ಯಾಲಿಫೋರ್ನಿಯಾ ಮಾತ್ರ 1992ರ ತನ್ನದೇ ಕಾನೂನಿನ ಮೂಲಕ ಧಾರ್ಮಿಕ ಸಂಸ್ಥೆಗಳದ್ದಲ್ಲದ ಖಾಸಗಿ ಕಾಲೇಜುಗಳಿಗೂ ಹತ್ತಿರ ಹತ್ತಿರ ಅದೇ ಮಟ್ಟದ ಹೊಣೆ ಹೊರಿಸಿದೆ. ಪ್ರವೇಶಪತ್ರದ ಜತೆ ಬರುವ ಆ ನಿಯಮಾವಳಿಯನ್ನು ಯಾರೂ ಓದುವುದಿಲ್ಲ. ಪ್ರತಿಭಟನೆ, ಭಿತ್ತಿಪತ್ರ, ಧ್ವನಿವರ್ಧಕಗಳ ಬಗ್ಗೆ ಇರುವ ಎರಡು-ಮೂರು ಪುಟಗಳನ್ನಾದರೂ ಓದಿ.

ಸರ್ಕಾರಿ ಅಧಿಕಾರಿಯೊಬ್ಬರು ತಮ್ಮ ಪುಟದಿಂದ ನಿಮ್ಮನ್ನು ಬ್ಲಾಕ್ ಮಾಡಿದರೆ? 2024ರ ಲಿಂಡ್ಕೆ ಪ್ರಕರಣದಲ್ಲಿ ಇದಕ್ಕೆ ಎರಡು ಹಂತದ ಪರೀಕ್ಷೆ ಸಿಕ್ಕಿತು. ಸರ್ಕಾರದ ಪರವಾಗಿ ಮಾತಾಡುವ ನಿಜವಾದ ಅಧಿಕಾರ ಆ ವ್ಯಕ್ತಿಗೆ ಇರಬೇಕು, ಮತ್ತು ಆ ಪೋಸ್ಟಿನಲ್ಲಿ ಅವರು ಆ ಅಧಿಕಾರವನ್ನೇ ಚಲಾಯಿಸುತ್ತಿದ್ದಂತೆ ಕಾಣಬೇಕು. ಮಗಳ ಹುಟ್ಟುಹಬ್ಬದ ಚಿತ್ರದ ಕೆಳಗೆ ನೀವು ಬರೆದ ಟೀಕೆಯನ್ನು ಅಳಿಸಿದರೆ ಅದು ಅವರ ಖಾಸಗಿ ವ್ಯವಹಾರ, ನಗರದ ನೀರು ಸರಬರಾಜಿನ ಅಧಿಕೃತ ಪ್ರಕಟಣೆಯ ಕೆಳಗೆ ಬರೆದದ್ದನ್ನು ಅಳಿಸಿದರೆ ವಿಷಯ ಬೇರೆ.

ಎರಡನೆಯದು: ರಕ್ಷಣೆ ಇದೆ ಎಂದೇ ಹಿಡಿದು ಹೊರಡುವುದು

ತಡೆದವರು ಸರ್ಕಾರದ ಕಡೆಯವರು ಎಂದು ಖಚಿತವಾದ ಮೇಲೆ, ಆ ಮಾತಿಗೆ ರಕ್ಷಣೆ ಇದೆ ಎಂದೇ ಮೊದಲು ಭಾವಿಸಬೇಕು, ಆಮೇಲೆ ಅದು ಯಾವುದಾದರೂ ಅಪವಾದದೊಳಗೆ ಬೀಳುತ್ತದೆಯೇ ಎಂದು ನೋಡಬೇಕು. ನಮ್ಮ ಅಭ್ಯಾಸ ಇದಕ್ಕೆ ತಿರುಗುಮುರುಗು. ನಮ್ಮ ಸಂವಿಧಾನದ 19ನೆಯ ವಿಧಿಯ ಮೊದಲ ಖಂಡದಲ್ಲಿ ಸ್ವಾತಂತ್ರ್ಯ ಕೊಟ್ಟು, ಎರಡನೆಯ ಖಂಡದಲ್ಲಿಯೇ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮುಂತಾದ ಕಾರಣಗಳಿಗೆ ಸಮಂಜಸ ನಿರ್ಬಂಧ ಹೇರಬಹುದೆಂದು ಬರೆದಿದೆ. ಅವುಗಳಲ್ಲಿ ಸಾರ್ವಜನಿಕ ಸುವ್ಯವಸ್ಥೆಯಂಥ ಕೆಲವು ಸೇರಿದ್ದು 1951ರ ನಮ್ಮ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ. ಅವರ ಮೊದಲ ತಿದ್ದುಪಡಿ ಮಾತಿಗೆ ರಕ್ಷಣೆ ಕೊಟ್ಟಿತು, ನಮ್ಮ ಮೊದಲ ತಿದ್ದುಪಡಿ ಮಾತಿಗೆ ಹದ್ದು ಹಾಕಿತು. ಅವರ ಪಠ್ಯದಲ್ಲಿ ನಿರ್ಬಂಧಗಳ ಪಟ್ಟಿಯೇ ಇಲ್ಲ. ಇರುವ ಅಪವಾದಗಳೆಲ್ಲ ತೀರ್ಪಿನಿಂದ ತೀರ್ಪಿಗೆ ಬೆಳೆದು ಬಂದವು, ಹೊಸ ಅಪವಾದಗಳನ್ನು ಸುಲಭವಾಗಿ ಸೇರಿಸಲು ತಾನು ಒಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟು 2010ರ ಸ್ಟೀವನ್ಸ್ ಪ್ರಕರಣದಲ್ಲಿ ಹೇಳಿತು.

ಇದರ ಫಲಿತಾಂಶ ನಮ್ಮ ಕಡೆಯವರಿಗೆ ಒಮ್ಮೊಮ್ಮೆ ಜೀರ್ಣವಾಗುವುದಿಲ್ಲ. ಒಂದು ಜನಾಂಗವನ್ನೋ ಧರ್ಮವನ್ನೋ ಹೀಗಳೆಯುವ ದ್ವೇಷದ ಮಾತು ಎಂಬ ಪ್ರತ್ಯೇಕ ಅಪವಾದ ಅಲ್ಲಿಲ್ಲ. 2017ರ ಟ್ಯಾಮ್ ಪ್ರಕರಣದಲ್ಲಿ ಏಷ್ಯಾ ಮೂಲದವರನ್ನು ಹೀಗಳೆಯುವ ಪದವನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿದ್ದ, ಅದೇ ಮೂಲದ ಕಲಾವಿದರ ಸಂಗೀತ ತಂಡಕ್ಕೆ ಟ್ರೇಡ್‌ಮಾರ್ಕ್ ನಿರಾಕರಿಸಲು ಸರ್ಕಾರಕ್ಕೆ ಅವಕಾಶ ಸಿಗಲಿಲ್ಲ. ರಾಷ್ಟ್ರಧ್ವಜ ಸುಡುವುದಕ್ಕೂ ರಕ್ಷಣೆ ಇದೆ ಎಂದು 1989ರ ಜಾನ್ಸನ್ ಪ್ರಕರಣದಲ್ಲಿ ಐದು-ನಾಲ್ಕರ ಬಹುಮತದಿಂದ ತೀರ್ಪಾಯಿತು. ನಾಜಿ ಹಿಂಸೆಯಿಂದ ಬದುಕುಳಿದು ಬಂದ ಯಹೂದಿಗಳು ಬಹಳವಾಗಿ ನೆಲೆಸಿದ್ದ, ಶಿಕಾಗೊ ಬಳಿಯ ಸ್ಕೋಕಿ ಎಂಬ ಊರಿನಲ್ಲಿ ನಾಜಿ ಗುಂಪೊಂದು ಮೆರವಣಿಗೆ ನಡೆಸುವುದನ್ನು ತಡೆಯಲು 1977-78ರಲ್ಲಿ ನಡೆದ ಪ್ರಯತ್ನಗಳೂ ನ್ಯಾಯಾಲಯಗಳಲ್ಲಿ ನಿಲ್ಲಲಿಲ್ಲ. ಯೋಧನೊಬ್ಬನ ಶವಸಂಸ್ಕಾರದ ದಿನ, ಸುಮಾರು ಸಾವಿರ ಅಡಿ ದೂರದ ಸಾರ್ವಜನಿಕ ಜಾಗದಲ್ಲಿ ನಿಂತು, ಸೈನಿಕರ ಸಾವಿಗೆ ದೇವರಿಗೆ ಕೃತಜ್ಞತೆ ಹೇಳುವ ಫಲಕಗಳನ್ನು ಹಿಡಿದಿದ್ದ ಚರ್ಚಿನವರ ಪರವಾಗಿ 2011ರಲ್ಲಿ ಎಂಟು-ಒಂದರ ತೀರ್ಪು ಬಂತು. ನನ್ನ ಮಟ್ಟಿಗೆ ಹೇಳುವುದಾದರೆ ಈ ಕೊನೆಯ ತೀರ್ಪನ್ನು ಓದುವಾಗ ದಾವೆ ಹೂಡಿದ್ದ ಆ ಯೋಧನ ತಂದೆಯ ಕಡೆಗೇ ಮನಸ್ಸು ಹೋಗುತ್ತದೆ. ಆದರೆ ಅಮೆರಿಕದ ಕಾನೂನು ಎಲ್ಲಿ ನಿಂತಿದೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ.

ಮೂರನೆಯದು: ಅಪವಾದಗಳನ್ನು ಒಂದೊಂದಾಗಿ ನೋಡುವುದು

ಇಲ್ಲಿ ಅವಸರ ಮಾಡಬೇಡಿ. ಮೊದಲು ಪ್ರಚೋದನೆ. ‘ತುಂಬಿದ ನಾಟಕಶಾಲೆಯಲ್ಲಿ ಬೆಂಕಿ ಎಂದು ಸುಳ್ಳು ಕೂಗುವಂತಿಲ್ಲ’ ಎಂಬ ಮಾತನ್ನು ಇಂದಿಗೂ ಕಾನೂನಿನ ಸೂತ್ರವೆಂಬಂತೆ ಎಲ್ಲರೂ ಹೇಳುತ್ತಾರೆ. ಅದು 1919ರ ಶೆಂಕ್ ಪ್ರಕರಣದಲ್ಲಿ ನ್ಯಾಯಮೂರ್ತಿ ಹೋಮ್ಸ್ ಕೊಟ್ಟ ಉಪಮೆ. ಆ ಪ್ರಕರಣದಲ್ಲಿ ಶಿಕ್ಷೆಯಾದದ್ದು ಬೆಂಕಿ ಎಂದು ಕೂಗಿದವನಿಗಲ್ಲ, ಮಹಾಯುದ್ಧದ ಕಡ್ಡಾಯ ಸೇನಾ ಭರ್ತಿಯನ್ನು ವಿರೋಧಿಸಿ ಕರಪತ್ರ ಹಂಚಿದವರಿಗೆ. ಈಗ ನಡೆಯುವ ಸೂತ್ರ 1969ರ ಬ್ರಾಂಡನ್‌ಬರ್ಗ್ ಪ್ರಕರಣದ್ದು. ಓಹಾಯೊ ರಾಜ್ಯದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಜನಾಂಗದ್ವೇಷಿ ಸಂಘಟನೆಯ ಮುಖಂಡನೊಬ್ಬ ಟಿ.ವಿ. ಕ್ಯಾಮೆರಾದ ಮುಂದೆ, ಸರ್ಕಾರ ಬಿಳಿಯರನ್ನು ಹೀಗೆಯೇ ತುಳಿಯುತ್ತಿದ್ದರೆ ಮುಂದೆ ಸೇಡು ತೀರಿಸಿಕೊಳ್ಳಬೇಕಾದೀತು ಎಂಬರ್ಥದ ಭಾಷಣ ಮಾಡಿ ಶಿಕ್ಷೆಗೊಳಗಾಗಿದ್ದ. ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು. ಮಾತು ಕಾನೂನುಬಾಹಿರ ಕೃತ್ಯವನ್ನು ತಕ್ಷಣವೇ ನಡೆಸುವ ಉದ್ದೇಶದಿಂದ ಆಡಿದ್ದಾಗಿರಬೇಕು, ಮತ್ತು ಅಂಥ ಕೃತ್ಯ ನಡೆಯುವ ಸಂಭವವೂ ನಿಜವಾಗಿ ಇರಬೇಕು. ಉದ್ದೇಶ, ತಕ್ಷಣ, ಸಂಭವ: ಈ ಮೂರೂ ಕೂಡಿದಾಗ ಮಾತ್ರ ರಕ್ಷಣೆ ಹೋಗುತ್ತದೆ.

ಇದನ್ನು ನಮ್ಮೂರಿನ ದೃಶ್ಯಕ್ಕೆ ಇಟ್ಟು ನೋಡಿ. ಶಿವಮೊಗ್ಗದ ಗೋಪಿ ವೃತ್ತದಲ್ಲಿ ನಡೆದಂಥದೇ ಒಂದು ಸಭೆ ಓಹಾಯೊದಲ್ಲಿ ನಡೆಯುತ್ತಿದೆ ಎಂದುಕೊಳ್ಳಿ. ಭಾಷಣಕಾರ, ‘ಈ ವ್ಯವಸ್ಥೆಯನ್ನು ಒಂದಲ್ಲ ಒಂದು ದಿನ ಕಿತ್ತೆಸೆಯಬೇಕು, ಅದಕ್ಕೆ ರಕ್ತ ಹರಿದರೂ ಸರಿ’ ಎನ್ನುತ್ತಾನೆ. ಇದಕ್ಕೆ ಅಲ್ಲಿ ರಕ್ಷಣೆ ಇದೆ. ಅದೇ ಭಾಷಣಕಾರ ಕೈಯಲ್ಲಿ ಕಲ್ಲು ಹಿಡಿದು ಕೆರಳಿ ನಿಂತ ಜನರಿಗೆ ಎದುರಿನ ಅಂಗಡಿಯನ್ನು ತೋರಿಸಿ ‘ನುಗ್ಗಿ, ಈಗಲೇ ಒಡೆಯಿರಿ’ ಎಂದರೆ ರಕ್ಷಣೆ ಇಲ್ಲ. ಈ ಗೆರೆ ಎಷ್ಟು ತೆಳುವಾಗಬಹುದೆಂದು 1973ರ ಹೆಸ್ ಪ್ರಕರಣದಿಂದ ತಿಳಿಯುತ್ತದೆ: ಯುದ್ಧವಿರೋಧಿ ಪ್ರತಿಭಟನೆಯಲ್ಲಿ ಪೊಲೀಸರು ರಸ್ತೆ ತೆರವು ಮಾಡುತ್ತಿದ್ದಾಗ, ‘ಆಮೇಲೆ ಮತ್ತೆ ರಸ್ತೆ ಹಿಡಿಯೋಣ’ ಎಂಬರ್ಥದಲ್ಲಿ ಕೂಗಿದವನಿಗೆ ಆದ ಶಿಕ್ಷೆ ನಿಲ್ಲಲಿಲ್ಲ, ಏಕೆಂದರೆ ‘ಆಮೇಲೆ’ ಎಂದರೆ ‘ಈಗ’ ಅಲ್ಲ. ಗಲಾಟೆಯ ಸುಳಿವು ಸಿಕ್ಕ ಕೂಡಲೇ ನಿಷೇಧಾಜ್ಞೆ ಬೀಳುವುದನ್ನು ಕಂಡು ಬೆಳೆದ ನಮ್ಮ ಜಿಲ್ಲೆಯವರಿಗೆ, ಆಗಬಹುದೆಂಬ ಅಂದಾಜಿನ ಮೇಲೆ ಒಂದು ಭಾಷಣವನ್ನು ಮುಂಚಿತವಾಗಿ ತಡೆಯುವುದು ಅಲ್ಲಿ ಇಷ್ಟು ಕಷ್ಟವೇ ಎನಿಸೀತು.

ಬೆದರಿಕೆಯ ವಿಚಾರದಲ್ಲಿ ನಮ್ಮ ಹುಡುಗರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು, ಏಕೆಂದರೆ ನಮ್ಮ ಮಾತಿನ ರೂಢಿಯಲ್ಲೇ ‘ಕೈಕಾಲು ಮುರಿದು ಹಾಕ್ತೀನಿ’, ‘ಮುಗಿಸಿಬಿಡ್ತೀನಿ ನೋಡು’ ಎನ್ನುವಂಥವು ಸ್ನೇಹದಲ್ಲೂ ಬಂದುಹೋಗುತ್ತವೆ. ರಾಜಕೀಯದ ಅತಿಶಯೋಕ್ತಿಯನ್ನು ನ್ಯಾಯಾಲಯ ಬೆದರಿಕೆ ಎಂದು ಎಣಿಸುವುದಿಲ್ಲ. ತನ್ನನ್ನು ಬಲವಂತವಾಗಿ ಸೇನೆಗೆ ಸೇರಿಸಿ ಬಂದೂಕು ಕೊಟ್ಟರೆ ಮೊದಲು ಗುರಿಯಿಡುವುದು ಅಧ್ಯಕ್ಷ ಜಾನ್ಸನ್‌ಗೇ ಎಂದು ಸಭೆಯೊಂದರಲ್ಲಿ ಹೇಳಿದ ಹದಿನೆಂಟರ ಯುವಕನ ಮೇಲಿನ ಶಿಕ್ಷೆಯನ್ನು 1969ರ ವಾಟ್ಸ್ ಪ್ರಕರಣ ತಳ್ಳಿಹಾಕಿತು. ಕೇಳಿದವರು ನಕ್ಕಿದ್ದರು, ಮಾತಿಗೆ ಷರತ್ತಿತ್ತು, ಸಂದರ್ಭ ರಾಜಕೀಯದ್ದಾಗಿತ್ತು. ಆದರೆ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅಥವಾ ಗುಂಪಿಗೆ ಹಿಂಸೆ ಮಾಡುವುದಾಗಿ ಗಂಭೀರವಾಗಿ ತಿಳಿಸುವ ಮಾತಿಗೆ ರಕ್ಷಣೆ ಇಲ್ಲ. 2023ರ ಕೌಂಟರ್‌ಮನ್ ಪ್ರಕರಣದಲ್ಲಿ, ಗಾಯಕಿಯೊಬ್ಬರಿಗೆ ಫೇಸ್‌ಬುಕ್ಕಿನಲ್ಲಿ ನೂರಾರು ಸಂದೇಶ ಕಳಿಸಿದವನ ವಿಚಾರಣೆಯ ಸಂದರ್ಭದಲ್ಲಿ, ಬೆದರಿಸುವ ಉದ್ದೇಶ ಇತ್ತೆಂದು ಸಾಬೀತಾಗಬೇಕಿಲ್ಲ, ಇದನ್ನು ಬೆದರಿಕೆ ಎಂದು ತಿಳಿದಾರು ಎಂಬ ಅಪಾಯ ಗೊತ್ತಿದ್ದೂ ಅದನ್ನು ಲೆಕ್ಕಿಸದೆ ಕಳಿಸಿದ್ದು ಸಾಬೀತಾದರೆ ಸಾಕು ಎಂದು ನ್ಯಾಯಾಲಯ ಗೊತ್ತುಮಾಡಿತು. ಸರ್ಕಾರದ ಹೊಣೆ ಇದರಿಂದ ಹೆಚ್ಚಾಯಿತು, ನಿಜ. ಆದರೆ ‘ತಮಾಷೆಗೆ ಬರೆದೆ ಸಾರ್’ ಎಂಬ ಸಮಜಾಯಿಷಿ ಮಾತ್ರ ಸಾಲದು. ವಿಮಾನ ನಿಲ್ದಾಣದಲ್ಲಿ ಚೀಲದ ತಪಾಸಣೆಗೆ ನಿಂತಾಗ ಬಾಂಬಿನ ಮಾತೆತ್ತುವುದಂತೂ ಎಂದಿಗೂ ಬೇಡ, ಅಂಥ ಸುಳ್ಳು ಮಾಹಿತಿಯೇ ಅಲ್ಲಿ ಫೆಡರಲ್ ಅಪರಾಧ.

ಉಳಿದವನ್ನು ಬೇಗ ನೋಡೋಣ. ಎದುರಾಎದುರು ನಿಂತು, ಆ ಕ್ಷಣವೇ ಹೊಡೆದಾಟ ಹುಟ್ಟಿಸುವಂತೆ ಬೈಯುವುದಕ್ಕೆ ರಕ್ಷಣೆ ಇಲ್ಲವೆಂದು 1942ರ ಚಾಪ್ಲಿನ್‌ಸ್ಕಿ ತೀರ್ಪು ಹೇಳಿದರೂ, ಆಮೇಲಿನ ದಶಕಗಳಲ್ಲಿ ಈ ಅಪವಾದ ಕಿರಿದಾಗುತ್ತಲೇ ಬಂದಿದೆ. ಅಶ್ಲೀಲತೆಗೆ 1973ರ ಮಿಲ್ಲರ್ ಪ್ರಕರಣದ ಮೂರು ಅಂಶಗಳ ಅಳತೆಗೋಲಿದೆ, ಅದರಲ್ಲಿ ಸ್ಥಳೀಯ ಸಮುದಾಯದ ಮಟ್ಟವೂ ಲೆಕ್ಕಕ್ಕೆ ಬರುತ್ತದೆ, ಗಂಭೀರವಾದ ಸಾಹಿತ್ಯಿಕ, ಕಲಾತ್ಮಕ, ರಾಜಕೀಯ ಅಥವಾ ವೈಜ್ಞಾನಿಕ ಮೌಲ್ಯವಿರುವ ಕೃತಿ ಅಶ್ಲೀಲವಾಗದು. ಮಕ್ಕಳ ಲೈಂಗಿಕ ಚಿತ್ರಗಳಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ, ಅವು ಫೋನಿನಲ್ಲಿ ಇರುವುದೇ ಘೋರ ಅಪರಾಧ. ವಂಚನೆ, ಸುಳ್ಳು ಸಾಕ್ಷ್ಯ, ಲಂಚದ ಮಾತುಕತೆ ಇವೆಲ್ಲ ಬಾಯಿಂದಲೇ ನಡೆದರೂ ಅಪರಾಧಗಳೇ. ಆದರೆ ಯಾರಿಗೂ ಹಾನಿ ಮಾಡದ, ಯಾವ ಲಾಭಕ್ಕೂ ಅಲ್ಲದ ಬರೀ ಸುಳ್ಳಿಗೆ ಶಿಕ್ಷೆ ಕೊಡುವುದು ಸುಲಭವಲ್ಲ: ತನಗೆ ದೇಶದ ಅತ್ಯುನ್ನತ ಶೌರ್ಯಪದಕ ಬಂದಿದೆಯೆಂದು ಸಭೆಯಲ್ಲಿ ಬೊಗಳೆ ಬಿಟ್ಟವನನ್ನು ಶಿಕ್ಷಿಸಿದ್ದ ಕಾನೂನು 2012ರ ಆಲ್ವಾರೆಜ್ ಪ್ರಕರಣದಲ್ಲಿ ಬಿದ್ದುಹೋಯಿತು.

ಮಾನಹಾನಿ: ಅಭಿಪ್ರಾಯ ಯಾವುದು, ಆರೋಪ ಯಾವುದು

ಜನಸಾಮಾನ್ಯರು ನಿಜವಾಗಿ ಸಿಕ್ಕಿಬೀಳುವುದು ಇಲ್ಲಿ. ಡಲ್ಲಾಸಿನ ಅಂಗಡಿಯೊಂದರಲ್ಲಿ ಮಲೆನಾಡಿನ ಅಪ್ಪೆಮಿಡಿ ಎಂದು ಹೇಳಿ ಮಾರಿದ ಉಪ್ಪಿನಕಾಯಿ ಬಾಟಲಿ ನಿಮಗೆ ಸಿಕ್ಕಿತು ಎಂದುಕೊಳ್ಳಿ. ‘ಮಿಡಿಗೆ ಪರಿಮಳವೇ ಇಲ್ಲ, ದುಡ್ಡು ದಂಡ, ಇದನ್ನು ತಿಂದರೆ ನಮ್ಮಜ್ಜಿ ಎದ್ದು ಬಂದು ಬೈದಾರು’ ಎಂದು ವಿಮರ್ಶೆ ಬರೆದರೆ ಅದು ಅಭಿಪ್ರಾಯ, ಎಷ್ಟೇ ಖಾರವಾಗಿದ್ದರೂ ಚಿಂತೆಯಿಲ್ಲ. ‘ಈ ಅಂಗಡಿಯವನು ಅವಧಿ ಮುಗಿದ ಬಾಟಲಿಯ ತಾರೀಖು ಕೆರೆದು ಹೊಸ ಚೀಟಿ ಅಂಟಿಸುತ್ತಾನೆ’ ಎಂದರೆ ಅದು ನಿಜವೋ ಸುಳ್ಳೋ ಎಂದು ಸಾಬೀತುಮಾಡಬಹುದಾದ ಆರೋಪ. ಸುಳ್ಳಾದರೆ ಪರಿಹಾರ ಕೇಳಿ ದಾವೆ ಬರಬಹುದು. ‘ನನ್ನ ಪ್ರಕಾರ’ ಎಂದು ಮುಂದೆ ಸೇರಿಸಿದ ಮಾತ್ರಕ್ಕೆ ಆರೋಪ ಅಭಿಪ್ರಾಯವಾಗುವುದಿಲ್ಲ, 1990ರ ಮಿಲ್ಕೊವಿಚ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ಬರೆಯುವ ಮುನ್ನ ವಾಕ್ಯವನ್ನು ಒಮ್ಮೆ ಓದಿ, ‘ಇದಕ್ಕೆ ಬಿಲ್ಲು, ಫೋಟೊ, ಸಾಕ್ಷಿ ನನ್ನ ಬಳಿ ಏನಿದೆ’ ಎಂದು ಕೇಳಿಕೊಳ್ಳಿ. ಸಾಕ್ಷಿ ಕೇಳಬಹುದಾದ ವಾಕ್ಯವಾದರೆ ಅದು ಆರೋಪವೇ.

ಅಧಿಕಾರದಲ್ಲಿ ಇರುವವರ ಬಗ್ಗೆ ಬರೆಯುವಾಗ ಅಮೆರಿಕದ ಕಾನೂನು ಬರಹಗಾರನ ಪರವಾಗಿ ಬಹಳ ಬಾಗುತ್ತದೆ. ಅದರ ಬೇರು ಇರುವುದು 1964ರ ಸಲಿವಾನ್ ಪ್ರಕರಣದಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಅವರ ಹೋರಾಟಕ್ಕೆ ನೆರವು ಕೋರಿ 1960ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂದ ಪುಟದಗಲದ ಜಾಹೀರಾತಿನಲ್ಲಿ ಸಣ್ಣಪುಟ್ಟ ತಪ್ಪುಗಳಿದ್ದವು. ಕಿಂಗ್ ಅವರ ಬಂಧನ ನಾಲ್ಕು ಬಾರಿ ಆಗಿದ್ದರೆ ಏಳು ಬಾರಿ ಎಂದು ಬರೆದಿತ್ತು, ವಿದ್ಯಾರ್ಥಿಗಳು ಹಾಡಿದ್ದು ರಾಷ್ಟ್ರಗೀತೆಯಾಗಿದ್ದರೆ ಬೇರೊಂದು ದೇಶಭಕ್ತಿ ಗೀತೆಯ ಹೆಸರಿತ್ತು. ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ ಪೊಲೀಸ್ ಇಲಾಖೆಯ ಹೊಣೆ ಹೊತ್ತಿದ್ದ ಸಲಿವಾನ್, ಜಾಹೀರಾತಿನಲ್ಲಿ ತನ್ನ ಹೆಸರೇ ಇಲ್ಲದಿದ್ದರೂ, ದಾವೆ ಹೂಡಿ 5 ಲಕ್ಷ ಡಾಲರ್ ಪರಿಹಾರದ ಆದೇಶ ಪಡೆದಿದ್ದ. ಸುಪ್ರೀಂ ಕೋರ್ಟು ಅದನ್ನು ಒಮ್ಮತದಿಂದ ರದ್ದುಮಾಡಿತು. ಸಾರ್ವಜನಿಕ ಅಧಿಕಾರಿಯೊಬ್ಬ ಗೆಲ್ಲಬೇಕಾದರೆ, ಬರೆದವರಿಗೆ ಅದು ಸುಳ್ಳೆಂದು ಗೊತ್ತಿತ್ತು ಅಥವಾ ನಿಜವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಬರೆದರು ಎಂದು ಸಾಬೀತುಪಡಿಸಬೇಕು. ಖಾಸಗಿ ವ್ಯಕ್ತಿಗಳಿಗೆ ಇಷ್ಟು ಭಾರವಿಲ್ಲ, 1974ರ ಗರ್ಟ್ಸ್ ತೀರ್ಪಿನ ನಂತರ ಬರೆದವರ ನಿರ್ಲಕ್ಷ್ಯವೇ ಅನೇಕ ರಾಜ್ಯಗಳಲ್ಲಿ ಸಾಕಾಗುತ್ತದೆ. ಅಂದರೆ ನಗರದ ಮೇಯರ್ ಬಗ್ಗೆ ಬರೆಯುವುದಕ್ಕಿಂತ ಪಕ್ಕದ ಮನೆಯವರ ಬಗ್ಗೆ, ಉಪ್ಪಿನಕಾಯಿ ಅಂಗಡಿಯವರ ಬಗ್ಗೆ ಬರೆಯುವಾಗಲೇ ಹೆಚ್ಚು ಜೋಪಾನ ಬೇಕು. ನಮ್ಮವರು ಇದನ್ನು ಉಲ್ಟಾ ತಿಳಿದಿರುತ್ತಾರೆ.

ಇನ್ನೊಬ್ಬರು ಬರೆದದ್ದನ್ನು ಇದ್ದಹಾಗೆಯೇ ಹಂಚಿದರೆ? 1996ರ ಕಾನೂನೊಂದರ 230ನೆಯ ವಿಧಿಯು ಜಾಲತಾಣಗಳನ್ನು ಮಾತ್ರವಲ್ಲ, ಅವುಗಳ ಬಳಕೆದಾರರನ್ನೂ ಪರರ ಬರಹದ ಹೊಣೆಯಿಂದ ಬಹುಮಟ್ಟಿಗೆ ಬಿಡಿಸುತ್ತದೆ. ಆದರೆ ಮೇಲೆ ನಿಮ್ಮದೊಂದು ಸಾಲು ಸೇರಿಸಿದರೆ ಆ ಸಾಲಿಗೆ ಹೊಣೆ ನಿಮ್ಮದೇ.

ನಾಲ್ಕನೆಯದು: ಎಲ್ಲಿ, ಯಾವಾಗ, ಹೇಗೆ

ಮಾತಿಗೆ ರಕ್ಷಣೆ ಇದ್ದರೂ ರಾತ್ರಿ ಎರಡು ಗಂಟೆಗೆ ವಸತಿ ಪ್ರದೇಶದಲ್ಲಿ ಮೈಕ್ ಹಚ್ಚಲು ರಕ್ಷಣೆ ಇಲ್ಲ. ಮಾತಿನ ವಿಷಯ ಯಾವುದೆಂದು ನೋಡದೆ, ಎಲ್ಲರಿಗೂ ಒಂದೇ ರೀತಿಯಲ್ಲಿ, ಸಕಾರಣವಾಗಿ, ಬೇರೆ ದಾರಿಗಳನ್ನು ತೆರೆದಿಟ್ಟು ಹಾಕುವ ಸಮಯ-ಸ್ಥಳ-ವಿಧಾನದ ನಿಯಮಗಳು ನಿಲ್ಲುತ್ತವೆ. ಊರಿನ ಕನ್ನಡಿಗರು ಸೇರಿ ರಾಜ್ಯೋತ್ಸವದ ಮೆರವಣಿಗೆ ತೆಗೆಯಲು ನಗರಾಡಳಿತದಿಂದ ಪರವಾನಗಿ ಪಡೆಯಬೇಕಾಗಬಹುದು. ಆದರೆ ವಿರೋಧಿಗಳು ಗಲಾಟೆ ಮಾಡಿಯಾರೆಂದು ನಿಮ್ಮ ಶುಲ್ಕವನ್ನು ಏರಿಸುವಂತಿಲ್ಲ, 1992ರ ಫೋರ್ಸೈತ್ ಕೌಂಟಿ ಪ್ರಕರಣ ಇದನ್ನೇ ಹೇಳಿತು. ಅದೇ ವರ್ಷ ಇಸ್ಕಾನ್ ಭಕ್ತರ ಪ್ರಕರಣವೊಂದರಲ್ಲಿ, ನ್ಯೂಯಾರ್ಕಿನ ವಿಮಾನ ನಿಲ್ದಾಣಗಳ ಒಳಗೆ ದೇಣಿಗೆ ಎತ್ತುವುದನ್ನು ತಡೆಯಬಹುದು, ಬರೀ ಕರಪತ್ರ ಹಂಚುವುದನ್ನು ಪೂರ್ತಿ ನಿಷೇಧಿಸುವಂತಿಲ್ಲ ಎಂದು ತೀರ್ಪಾಯಿತು. ರಸ್ತೆ, ಉದ್ಯಾನ, ಪಾದಚಾರಿ ಮಾರ್ಗಗಳಲ್ಲಿ ಮಾತಿಗೆ ಇರುವ ಅವಕಾಶ ಸರ್ಕಾರದ ಎಲ್ಲ ಜಾಗಗಳಲ್ಲೂ ಇರುವುದಿಲ್ಲವೆಂಬುದಕ್ಕೆ ಇದೊಳ್ಳೆ ನಿದರ್ಶನ. ಖಾಸಗಿ ಮಾಲ್‌ನಲ್ಲಿ ನಿಂತು ಫಲಕ ಹಿಡಿಯುವ ಹಕ್ಕು ಬಹುತೇಕ ಕಡೆ ಇಲ್ಲವೇ ಇಲ್ಲ.

ಸರ್ಕಾರಿ ಶಾಲೆಯ ಮಕ್ಕಳಿಗೂ ಮಾತಿನ ಹಕ್ಕಿದೆ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಕಪ್ಪು ತೋಳುಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳ 1969ರ ಟಿಂಕರ್ ಪ್ರಕರಣದಿಂದ ಅದು ಸ್ಥಿರವಾಗಿದೆ, ಪಾಠಕ್ಕೆ ಗಣನೀಯ ಅಡ್ಡಿಯಾದರೆ ಶಾಲೆ ತಡೆಯಬಹುದು. ಸರ್ಕಾರಿ ನೌಕರರು ನಾಗರಿಕರಾಗಿ ಸಾರ್ವಜನಿಕ ವಿಷಯದ ಬಗ್ಗೆ ಆಡುವ ಮಾತಿಗೆ ಒಂದು ಮಟ್ಟದ ರಕ್ಷಣೆ ಇದೆ, ಕೆಲಸದ ಭಾಗವಾಗಿ ಬರೆದ ಟಿಪ್ಪಣಿಗೆ ಇಲ್ಲ ಎಂದು 2006ರ ಗಾರ್ಸೆಟಿ ತೀರ್ಪು ಹೇಳುತ್ತದೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಸಹಾಯಕರಾಗಿ ಸಂಬಳ ಪಡೆಯುವವರು ಇದನ್ನು ತಿಳಿದಿರಬೇಕು.

ಐದನೆಯದು: ಮಾತಾಡುವವರು ಯಾರು? ವೀಸಾದ ಮೇಲೆ ಇರುವವರಿಗೆ

ಇಲ್ಲಿಯವರೆಗೆ ಓದಿ ಧೈರ್ಯ ಬಂದವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಾರದು. ನಮ್ಮ 19ನೆಯ ವಿಧಿ ನಾಗರಿಕರಿಗೆ ಮಾತ್ರ ಅನ್ವಯಿಸುತ್ತದೆ, ಅವರ ಮೊದಲ ತಿದ್ದುಪಡಿಯಲ್ಲಿ ಅಂಥ ಮಿತಿ ಇಲ್ಲ, ದೇಶದೊಳಗೆ ನೆಲೆಸಿರುವ ವಿದೇಶಿಯರಿಗೂ ಮಾತಿನ ಸ್ವಾತಂತ್ರ್ಯ ಇದೆಯೆಂದು 1945ರ ಬ್ರಿಜಸ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಒಂದು ಲೇಖನಕ್ಕಾಗಿ ನಿಮ್ಮನ್ನು ಜೈಲಿಗೆ ಹಾಕುವಂತಿಲ್ಲ. ಆದರೆ ವೀಸಾ ಕೊಡುವುದು, ರದ್ದುಮಾಡುವುದು, ದೇಶದಿಂದ ಹೊರಕಳಿಸುವುದು ಶಿಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ, ಅವು ವಲಸೆ ಕಾನೂನಿನ ವ್ಯವಹಾರ. ಅಲ್ಲಿ ಸರ್ಕಾರಕ್ಕೆ ನ್ಯಾಯಾಲಯಗಳು ಬಹಳ ಸಡಿಲ ಬಿಟ್ಟಿವೆ. ಹಿಂದೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದವರನ್ನು ಗಡೀಪಾರು ಮಾಡುವುದನ್ನು 1952ರಲ್ಲಿ ಎತ್ತಿಹಿಡಿಯಲಾಯಿತು, ಉಪನ್ಯಾಸ ಕೊಡಲು ಬರಬೇಕೆಂದಿದ್ದ ವಿದೇಶಿ ಮಾರ್ಕ್ಸ್‌ವಾದಿ ವಿದ್ವಾಂಸರಿಗೆ ಪ್ರವೇಶ ನಿರಾಕರಿಸಿದ್ದನ್ನು 1972ರ ಮ್ಯಾಂಡೆಲ್ ಪ್ರಕರಣ ಒಪ್ಪಿಕೊಂಡಿತು.

2025ರಲ್ಲಿ ಈ ಭಾಗ ಪುಸ್ತಕದಿಂದ ಎದ್ದು ಬೀದಿಗೆ ಬಂತು. ಗಾಜಾ ಯುದ್ಧದ ವಿಚಾರದಲ್ಲಿ ಪ್ರತಿಭಟಿಸಿದ, ಬರೆದ ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾಯಿತು, ಕೆಲವರನ್ನು ವಲಸೆ ಅಧಿಕಾರಿಗಳು ಬಂಧನದಲ್ಲಿಟ್ಟರು, ಅವರಲ್ಲೊಬ್ಬರು ಮಾಡಿದ್ದು ವಿದ್ಯಾರ್ಥಿ ಪತ್ರಿಕೆಯ ಲೇಖನವೊಂದಕ್ಕೆ ಸಹಲೇಖಕಿಯಾದದ್ದು. ನ್ಯಾಯಾಲಯಗಳ ಆದೇಶದಿಂದ ಹಲವರು ಹೊರಬಂದರು. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಬಾಸ್ಟನ್ನಿನ ಫೆಡರಲ್ ಜಿಲ್ಲಾ ನ್ಯಾಯಾಧೀಶರು, ಕಾನೂನುಬದ್ಧವಾಗಿ ದೇಶದಲ್ಲಿರುವ ವಿದೇಶಿಯರಿಗೂ ಇದೇ ಮಾತಿನ ಹಕ್ಕು ಇದೆ, ಸರ್ಕಾರದ ಕ್ರಮ ಅದನ್ನು ಉಲ್ಲಂಘಿಸಿತು ಎಂದು ತೀರ್ಪಿತ್ತರು. ಜಿಲ್ಲಾ ನ್ಯಾಯಾಲಯದ ಮಾತು ಕೊನೆಯ ಮಾತಲ್ಲ. ಗೆದ್ದವರು ಕೂಡ ಗೆಲ್ಲುವ ಮುನ್ನ ವಾರಗಟ್ಟಲೆ ಬಂಧನದಲ್ಲಿದ್ದು, ಓದು ನಿಲ್ಲಿಸಿ, ವಕೀಲರ ಹಿಂದೆ ಅಲೆದಿದ್ದಾರೆ. ಹಕ್ಕು ಇದೆಯೇ ಎಂಬ ಪ್ರಶ್ನೆಯ ಜತೆಗೆ ಅದನ್ನು ಸಾಧಿಸಿಕೊಳ್ಳಲು ಎಷ್ಟು ಕಾಲ, ಎಷ್ಟು ಹಣ ಹಿಡಿಯುತ್ತದೆ ಎಂಬುದನ್ನೂ ಸಾಲ ಮಾಡಿ ಹೋದ ಮನೆಯವರು ಲೆಕ್ಕ ಹಾಕಲೇಬೇಕು.

ಅರ್ಜಿಯ ಹಂತದಲ್ಲೇ ಮಾಡಬೇಕಾದದ್ದು ಇಷ್ಟು. 2019ರಿಂದ ವೀಸಾ ಅರ್ಜಿಯಲ್ಲಿ ಹಿಂದಿನ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆಯ ಹೆಸರುಗಳನ್ನು ಕೇಳುತ್ತಾರೆ. ಯಾವುದನ್ನೂ ಮುಚ್ಚಿಡಬೇಡಿ, ಸುಳ್ಳು ಮಾಹಿತಿ ಕೊಟ್ಟದ್ದು ಮುಂದೆ ಗೊತ್ತಾದರೆ ಅದೇ ದೊಡ್ಡ ತೊಡಕಾಗುತ್ತದೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೋರುವವರು ಆ ಖಾತೆಗಳನ್ನು ಸಾರ್ವಜನಿಕಗೊಳಿಸಬೇಕೆಂಬ ಸೂಚನೆಯೂ ಇದೆ. ಅಲ್ಲಿಗೆ ಹೋದ ಮೇಲೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಫೋನ್ ಸಂಖ್ಯೆಯನ್ನೂ ಒಬ್ಬ ವಲಸೆ ವಕೀಲರ ಸಂಖ್ಯೆಯನ್ನೂ ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಮನೆಯಲ್ಲಿ ಅಪ್ಪ-ಅಮ್ಮನ ಬಳಿಯೂ ಒಂದು ಪ್ರತಿ ಇರಲಿ. ಪ್ರತಿಭಟನೆಯಲ್ಲಿ ಬಂಧನವಾದರೆ, ಆರೋಪ ಸಣ್ಣದೇ ಇದ್ದರೂ, ವಲಸೆ ವಕೀಲರನ್ನು ಕೇಳದೆ ತಪ್ಪೊಪ್ಪಿಗೆ ಕೊಡಬೇಡಿ.

ಕೊನೆಯದು: ಮಾತು ಎಲ್ಲಿ ಹೋಗಿ ಬೀಳುತ್ತದೆ?

ಟೆಕ್ಸಾಸಿನಲ್ಲಿ ಕುಳಿತು ಕನ್ನಡದಲ್ಲಿ ಬರೆದದ್ದನ್ನು ಓದುವವರು ಟೆಕ್ಸಾಸಿನವರಲ್ಲ, ಸೊರಬ, ಶಿಕಾರಿಪುರ, ಭದ್ರಾವತಿಯವರು. ಅಮೆರಿಕದ ನೆಲದಲ್ಲಿ ಅದಕ್ಕೆ ರಕ್ಷಣೆ ಇದ್ದರೂ ನೀವು ಭಾರತದ ನಾಗರಿಕರಾಗಿರುವವರೆಗೆ ಭಾರತೀಯ ನ್ಯಾಯ ಸಂಹಿತೆ ದೇಶದ ಹೊರಗೆ ಮಾಡಿದ ಕೃತ್ಯಕ್ಕೂ ಅನ್ವಯಿಸುತ್ತದೆ. ಗುಂಪುಗಳ ನಡುವೆ ವೈರ ಹುಟ್ಟಿಸುವ ಮಾತಿಗೆ 196ನೆಯ ಕಲಮು, ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕವಾಗಿ ಧಕ್ಕೆ ತರುವುದಕ್ಕೆ 299ನೆಯ ಕಲಮು, ಮಾನಹಾನಿಗೆ 356ನೆಯ ಕಲಮು ಇವೆ. ಅಮೆರಿಕದಲ್ಲಿ ಬಹುಪಾಲು ಸಿವಿಲ್ ದಾವೆಯಾಗಿ ಮುಗಿಯುವ ಮಾನಹಾನಿ ಇಲ್ಲಿ ಎರಡು ವರ್ಷದವರೆಗಿನ ಸಜೆಯ ಅಪರಾಧವೂ ಹೌದು. ವಿದೇಶದಲ್ಲಿ ನಡೆದ ಅಪರಾಧದ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮವಿದ್ದರೂ, ಎಫ್.ಐ.ಆರ್. ದಾಖಲಾಗುವುದಕ್ಕೆ ಅದು ಅಡ್ಡಿಯಾಗದಿರಬಹುದು.

ಇದಕ್ಕೆ ಎದುರು ದಿಕ್ಕಿನಲ್ಲೂ ಒಂದು ಕಾನೂನಿದೆ. 2010ರಲ್ಲಿ ಅಮೆರಿಕ ಜಾರಿಗೆ ತಂದ ಕಾಯ್ದೆಯ ಪ್ರಕಾರ, ಪರದೇಶದ ನ್ಯಾಯಾಲಯ ಕೊಟ್ಟ ಮಾನಹಾನಿ ಪರಿಹಾರದ ಡಿಕ್ರಿಯು ಮೊದಲ ತಿದ್ದುಪಡಿಯಷ್ಟೇ ರಕ್ಷಣೆಯನ್ನು ಬರಹಗಾರನಿಗೆ ಕೊಟ್ಟಿರದೆ, ಜತೆಗೆ ಅದೇ ಸಂಗತಿಗಳ ಮೇಲೆ ಅಮೆರಿಕದ ನ್ಯಾಯಾಲಯವೂ ಅವನನ್ನೇ ಹೊಣೆ ಮಾಡುತ್ತಿರಲಿಲ್ಲವಾದರೆ, ಅಲ್ಲಿನ ನ್ಯಾಯಾಲಯಗಳು ಅದನ್ನು ಜಾರಿಮಾಡುವುದಿಲ್ಲ. ಶಿವಮೊಗ್ಗದ ನ್ಯಾಯಾಲಯದ ಡಿಕ್ರಿ ಹಿಡಿದು ನ್ಯೂಜೆರ್ಸಿಯ ಬ್ಯಾಂಕ್ ಖಾತೆಗೆ ಕೈಹಾಕುವುದು ಹಾಗಾಗಿ ಕಷ್ಟ. ಆದರೆ ಆ ವ್ಯಕ್ತಿಗೆ ತೀರ್ಥಹಳ್ಳಿಯಲ್ಲಿ ಪಾಲಿಗೆ ಬಂದ ಎರಡೆಕರೆ ತೋಟವಿದ್ದರೆ ಅದರ ಮೇಲೆ ಡಿಕ್ರಿ ಜಾರಿ ಮಾಡಲು ಅಮೆರಿಕದ ಆ ಕಾಯ್ದೆಯಿಂದ ಯಾವ ತಡೆಯೂ ಇಲ್ಲ.